ತಿಪ್ಪಕ್ಕನ ನೆನಪು ಮರಳಿಸಿದವರಿಗೆ

ಗಿಡಮೂಲಿಕೆ ಶಿಬಿರದ ಉಸ್ತುವಾರಿ ಹೊತ್ತ ಮಾನ್ಯರೇ,

ಊರಿಗೆಲ್ಲ ‘ವಯಸ್ಸಿನ ಮರೆವು’ ಎಂದು ಹೇಳಿಕೊಂಡು ನಮ್ಮ ಮನೆಯವರು ಎರಡು ವರ್ಷದಿಂದ ಮುಚ್ಚಿಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಅಜ್ಜಿ ತಿಪ್ಪಕ್ಕನಿಗೆ ಅಲ್ಜೈಮರ್ ಕಾಯಿಲೆ. ನಾನು ಯಾರೆಂಬುದೂ ಅವಳಿಗೆ ತಿಳಿಯದು. ಆದ್ದರಿಂದ, ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು, ಅರಿಶಿನ ಬೆರೆಸಿದ ಒಂದೆಲಗದ ರಸ ಕುಡಿದದ್ದರಿಂದ ಅವಳ ನೆನಪು ಮರಳಿತೆಂದು ತಾವು ಮತ್ತೋಡಿನ ಶಿಬಿರದಲ್ಲಿ ಸಾರಿದ್ದು ಸತ್ಯವಲ್ಲ.

ತಾವು ಮಾಡಿದ ಪರೀಕ್ಷೆಯಾದರೂ ಎಂಥದ್ದು? ಅಜ್ಜಿಯ ಮುಂದೆ ನಿಂತು, “ನಾನು ಯಾರು, ಗೊತ್ತಾಯ್ತಾ?” ಎಂದಿರಿ. ಅವಳು ನಕ್ಕು, “ಗೊತ್ತಾಗ್ದೆ ಏನಪ್ಪ, ಬಾ, ಕುಂತ್ಕ. ಉಂಡ್ಯಾ? ಮನೇಲೆಲ್ಲ ಚೆನ್ನಾಗವ್ರಾ?” ಎಂದಳು. ಚಪ್ಪಾಳೆ ಬಿತ್ತು. ತಾವು ಶಾಲು ಹೊದೆಸಿಕೊಂಡಿರಿ. ಮಾನ್ಯರೇ, ನಮ್ಮ ಕಡೆ ಒಬ್ಬರ ಹೆಸರೂ ಗೊತ್ತಿಲ್ಲದೆ ಇಡೀ ಮದುವೆ ಮುಗಿಸಿಕೊಂಡು ಬರಬಹುದು. ಅಪ್ಪ, ಅವ್ವ, ಅಕ್ಕ, ಉಂಡ್ಯಾ ಎಂದರೆ ಸಾಕು. ಅಜ್ಜಿ ಅದೇ ಮಾತನ್ನು ಕರೆಂಟ್ ಬಿಲ್ ಕೊಡಲು ಬಂದವನಿಗೂ ಹೇಳುತ್ತಾಳೆ, ಜಗಲಿ ಹತ್ತಿದ ಮೇಕೆಗೂ ಹೇಳುತ್ತಾಳೆ. ಮೇಕೆ ಮಾತ್ರ ಭಾಷಣ ಮಾಡಲಿಲ್ಲ.

ಒಂದೆಲಗ, ಅರಿಶಿನಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅವುಗಳಲ್ಲಿರುವ ಅಂಶಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದವರಿಗೆ, ಮರೆವಿಗೆ ಮದ್ದಾದೀತೆಂಬ ಆಸೆ ಹುಟ್ಟಿದೆಯಂತೆ. ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲವಂತೆ. ಅಜ್ಜಿಗೆ ಮಾತ್ರೆ ಬರೆದುಕೊಟ್ಟ ದುರ್ಗದ ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡೆ. ತಾವು “ಕೆಮಿಕಲ್ಲು, ನಿಲ್ಲಿಸಿ” ಎಂದಿರಲ್ಲ, ಆ ಮಾತ್ರೆಯ ಮದ್ದನ್ನು ಮೊದಲು ತೆಗೆದದ್ದೂ ಒಂದು ಹೂಗಿಡದ ಗಡ್ಡೆಯಿಂದಲೇ ಅಂತೆ. ಗಿಡದ ಪರವಾಗಿ ಮಾತಾಡಿ ಗಿಡದ ಮದ್ದನ್ನೇ ಬಿಡಿಸಿದ ಕೀರ್ತಿ ಇನ್ಯಾರಿಗೆ ಸಂದೀತು?

ಮಾತ್ರೆಯಿಂದ ಕಾಯಿಲೆ ವಾಸಿಯಾಗುತ್ತದೆಂದು ಡಾಕ್ಟರಮ್ಮ ಹೇಳಿರಲಿಲ್ಲ. ಆದರೆ ಅದನ್ನು ನುಂಗುತ್ತಿದ್ದಾಗ ಅಜ್ಜಿ ತಾನೇ ಮುದ್ದೆ ಮುರಿದು ಉಣ್ಣುತ್ತಿದ್ದಳು. ಈಗ ತಟ್ಟೆ ಇಟ್ಟರೆ ಸುಮ್ಮನೆ ನೋಡುತ್ತಾಳೆ. ಮಾತ್ರೆ ಮತ್ತೆ ಶುರು ಮಾಡೋಣವೆಂದರೆ ಚಿಕ್ಕಪ್ಪ ಅಂಜನಪ್ಪ, “ಸಾಹೇಬ್ರೇ ಮೈಕಲ್ಲಿ ಹೇಳವ್ರೆ. ಒಂಬತ್ನೇ ಕ್ಲಾಸು ಬಿಟ್ಟೋಳು ನೀನು, ಸುಮ್ಕಿರೇ” ಎನ್ನುತ್ತಾನೆ.

ಮುಂದಿನ ಶಿಬಿರ ಹೊಸದುರ್ಗದಲ್ಲಂತೆ. ಅಲ್ಲಿ ತಾವು, ತಿಪ್ಪಕ್ಕನಿಗೆ ವಾಸಿಯಾಗಿಲ್ಲ, ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ಬಿಡಬೇಡಿ ಎಂದು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಚಿಕ್ಕಪ್ಪನಿಗೆ ನನ್ನ ಮಾತು ಕೇಳಿಸದು, ತಮ್ಮದು ಕೇಳಿಸುತ್ತದೆ. ಅಲ್ಲಿಯವರೆಗೆ ಕಾಯಲು ಅಜ್ಜಿಗೆ ಪುರುಸೊತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ದುರ್ಗಕ್ಕೆ, ಡಾಕ್ಟರಮ್ಮನ ಹತ್ತಿರ ಹೊರಡುತ್ತಿದ್ದೇನೆ.

ಇಂತಿ,
ವಾಪಸ್ ಬಂದ ಮೇಲೆ ಬೈಸಿಕೊಳ್ಳಲಿರುವ
ಪ್ರೀತಿ, ಮತ್ತೋಡು