ಕ್ಯಾಸೆಟ್ಟಿನ ಕೊನೆಯ ಖಾಲಿ ಜಾಗ

ಪಾಂಡವಪುರ,
೭–೪–೧೯೯೬

ಚಿರಂಜೀವಿ ಅಪರ್ಣಳಿಗೆ ನಿನ್ನ ತಂದೆಯ ಆಶೀರ್ವಾದಗಳು.

೧. ತಲುಪಿದ ವಸ್ತು: ನೀನು ನಾಗಮಂಗಲದಿಂದ ಅಂಚೆಯಲ್ಲಿ ಕಳುಹಿಸಿದ ಕ್ಯಾಸೆಟ್ ಒಂದು.
೨. ವಿವರ: ಸ್ಪೇನ್ ದೇಶದ ಶಾಸ್ತ್ರೀಯ ಗಿಟಾರ್ ವಾದನ, ಹೊಸಬರು ಕೇಳತಕ್ಕ ಕ್ರಮದಲ್ಲಿ ನೀನೇ ಆರಿಸಿ ತುಂಬಿಸಿದ ಒಂಬತ್ತು ರಚನೆಗಳು.
೩. ತಲುಪಿದ ಕಾಲ: ದೀಪಾವಳಿ ಕಳೆದ ವಾರ.
೪. ನನ್ನ ಉತ್ತರ: ಈವರೆಗೆ ಇಲ್ಲ.

ನಾಲ್ಕನೆಯ ಬಾಬಿಗಾಗಿ ಕ್ಷಮೆ ಕೋರುತ್ತೇನೆ. ತಾಲ್ಲೂಕು ಕಚೇರಿಯ ಮುಂದೆ ಮೂವತ್ತೊಂದು ವರ್ಷ ಊರವರ ಅರ್ಜಿ ಬರೆದವನಿಗೆ ಮಗಳಿಗೊಂದು ಕಾಗದ ಬರೆಯಲು ಐದು ತಿಂಗಳು ಹಿಡಿಯಿತು. ನೀನು ಗಿಟಾರ್ ಕಲಿಯಹೊರಟಾಗ ‘ತಂತಿ ಕಟ್ಟಿದ ಡಬ್ಬ’ ಎಂದವನು ನಾನು. ಮೆಚ್ಚಿದೆನೆಂದು ಬರೆದರೆ ಸೋತಂತೆ ಎಂದು ಪೆನ್ನು ಮುಂದೆ ಹೋಗಲಿಲ್ಲ.

ಮೊದಲ ಸಲ ಕೇಳಿದಾಗ ನಡುನಡುವೆ ಕೀರಲು ಸದ್ದು ಬಂತು. ಟೇಪು ಕೆಟ್ಟಿದೆಯೆಂದು ತಿಳಿದೆ. ಮೂರನೆಯ ಸಲಕ್ಕೆ ಅರ್ಥವಾಯಿತು, ಅದು ವಾದಕನ ಬೆರಳು ತಂತಿಯ ಮೇಲೆ ಜಾಗ ಬದಲಿಸುವ ಸದ್ದು. ನನ್ನ ಪೆನ್ನಿನ ಮೊನೆ ಕಾಗದದ ಮೇಲೆ ಕೆರೆಯುವುದಿಲ್ಲವೇ, ಹಾಗೆ. ಆಮೇಲೆ ಆ ಸದ್ದಿಗಾಗಿಯೇ ಕಾಯತೊಡಗಿದೆ.

ಚಿನಕುರಳಿಯ ಕೆಂಪಣ್ಣ, ನನ್ನ ಹಳೆಯ ಕಕ್ಷಿಗಾರ, ಒಂದು ಸಂಜೆ ಬಂದಿದ್ದ. ಅವನಿಗೂ ಕೇಳಿಸಿದೆ. ಹತ್ತು ನಿಮಿಷ ತಾಳಿ, “ಅಯ್ನೋರೆ, ಆಡೋನು ಯಾವಾಗ ಬತ್ತಾನೆ? ಉಣ್ಣಕ್ಕೆ ಓಗವ್ನಾ?” ಎಂದ. ಹಾಡುವವನೇ ಇಲ್ಲವಯ್ಯಾ ಎಂದೆ. “ಅಂಗಾರೆ ಸುಮ್ಕೆ ಕಾಯಿಸ್ಬುಟ್ರಲ್ಲ!” ಎಂದು ನಕ್ಕ. ಆದರೂ ಮುಂದಿನ ವಾರ ಇಬ್ಬರನ್ನು ಕರೆತಂದ. ಅವರು ಮಾತಿಗೆ ತೊಡಗಿದಾಗ ಅವನೇ ಗದರಿದ: “ಸುಮ್ಕಿರ್ರಲಾ! ಮ್ಯಾಲಿನ ದನೀಲಿ ಬೆರಳು ಓಡ್ತವೆ, ಕೆಳಗಿನ ದನೀಲಿ ಎಬ್ಬೆಟ್ಟು ಒಂದೇ ನಡ್ಕಂಡ್ ಓಯ್ತದೆ. ಅದ್ನ ಕೇಳ್ರಿ.” ನಾನು ಹೇಳಬೇಕೆಂದಿದ್ದುದನ್ನು ಅವನು ನನಗಿಂತ ಚೆನ್ನಾಗಿ ಹೇಳಿದ.

ಹೊಸ ಕೇಳುಗರಿಗೆ ಪೀಠಿಕೆಯೊಂದು ಅವಶ್ಯವೆನಿಸಿತು. ‘ಮಾನ್ಯ ಶ್ರೋತೃಗಳ ಸನ್ನಿಧಾನಕ್ಕೆ ವಿನಯಪೂರ್ವಕ ಅರಿಕೆ’ ಎಂದು ಮೊದಲಿಟ್ಟು ಎರಡು ಪುಟ ಬರೆದೆ. ನಿನ್ನ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಸಂಗೀತ ಮುಗಿದ ಮೇಲೆ ಬಹಳ ಜಾಗ ಖಾಲಿಯಿತ್ತು. ಛಾಪಾ ಕಾಗದದಲ್ಲಿ ಖಾಲಿ ಜಾಗ ಬಿಡಬಾರದು, ಬಿಟ್ಟರೆ ಯಾರೋ ಏನೋ ಸೇರಿಸುತ್ತಾರೆ ಎಂಬುದು ನನ್ನ ವೃತ್ತಿಯ ಪಾಠ. ಆ ಜಾಗದಲ್ಲಿ ಪೀಠಿಕೆಯನ್ನು ಟೇಪು ಮುಗಿಯುವವರೆಗೂ ನನ್ನ ದನಿಯಲ್ಲೇ ತುಂಬಿಸಿದೆ.

ನಾನು ಕ್ಷೇಮ. ಮಂಡಿನೋವು ಇದ್ದದ್ದೇ. ಹಾಲಿನ ಬೈರಮ್ಮ ದಿನಾ ಬಂದು ಅಡುಗೆಮನೆಯನ್ನೂ ನೋಡಿಕೊಂಡು ಹೋಗುತ್ತಾಳೆ. ನಿನ್ನ ಶಾಲೆ, ನಿನ್ನ ಆರೋಗ್ಯ, ನಿನ್ನ ಬೆರಳುಗಳು ಚೆನ್ನಾಗಿರಲಿ. ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ.

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಸಂಕ್ರಾಂತಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಮಗಳಿಗೆ ಹಟ ಎಂದುಕೊಂಡಿದ್ದೆ. ಮೊನ್ನೆ ಬೈರಮ್ಮ ಹಾಲು ಅಳೆಯುತ್ತಾ, “ಅಪರ್ಣಮ್ಮೋರು ಕೇಳಿದ್ಕೆ ನೀವೇನಂದ್ರಿ?” ಎಂದಳು. ಯಾವಾಗ ಕೇಳಿದಳು ಎಂದೆ. “ಅದೇ ಟೇಪ್ನಾಗೆ, ಅದು ಬಂದ ಒಸದ್ರಾಗೆ. ನೀವು ಆಫ್ ಮಾಡ್ದೆ ಬಚ್ಚಲಿಗೆ ಓಗಿದ್ರಿ. ಬಾಳ ಒತ್ತಾದ್ ಮ್ಯಾಕೆ ಅವರ ಮಾತು ಬಂತು. ‘ಅಪ್ಪ, ನೀವು ಹೂಂ ಅಂದ್ರೆ ಹಬ್ಬಕ್ಕೆ ಬರ್ತೀನಿ, ಇಲ್ಲಾಂದ್ರೆ ಬರಲ್ಲ’ ಅಂದ್ರು. ಏನ್ ಕೇಳಿದ್ರೋ ಕಾಣೆ, ಆಲು ಉಕ್ತಿತ್ತು, ಒಳೀಕೋದೆ. ನೀವೂ ಕೇಳಿದ್ದೀರಿ ಅನ್ಕಂಡಿದ್ದೆ.”

ಕೋರಿಕೆ ಯಾವಾಗಲೂ ಅರ್ಜಿಯ ಕೊನೆಯಲ್ಲಿರುತ್ತದೆ ಎಂದು ನಿನಗೆ ಹೇಳಿಕೊಟ್ಟವನು ನಾನೇ. ನೀನು ಹಾಗೆಯೇ ಮಾಡಿದೆ. ನಾನು ಕೊನೆಯವರೆಗೆ ಕೇಳದೆ, ನಿನ್ನ ಮಾತಿನ ಮೇಲೆ ನನ್ನ ಪೀಠಿಕೆ ಹೇರಿದೆ. ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದೆ. ಎಲ್ಲ ಕಡೆಯೂ ನಾನೇ ಮಾತಾಡುತ್ತಿದ್ದೇನೆ.

ಓದದೆ ರುಜು ಹಾಕಬೇಡಿ ಎಂದು ಮೂರು ಹೋಬಳಿಯ ಜನಕ್ಕೆ ಬೈದವನು, ನೀನು ಕೇಳಿದ್ದು ಏನೆಂದು ತಿಳಿಯದೆಯೇ ಕೆಳಗೆ ರುಜು ಹಾಕಿದ್ದೇನೆ. ಹೂಂ, ಮಗಳೇ.

(ರುಜು) ಸುಬ್ಬಣ್ಣ, ನಿನ್ನ ಅಪ್ಪ

ಲಗತ್ತು: ಹೊಸ ಕ್ಯಾಸೆಟ್ ಒಂದು. ಎರಡೂ ಬದಿ ಖಾಲಿ.