ಮೂರು ಗುಟುಕಿನ ಕಪ್

ಆಗಸ್ಟ್ 9, ಶನಿವಾರ
ಇವತ್ತೂ ಸ್ಟೀಲ್ ಲೋಟವೇ. ಪಾಟರಿ ಸ್ಟುಡಿಯೋದಲ್ಲಿ ಟೀ ಹೊತ್ತಿಗೆ ಎಲ್ಲರೂ ತಂತಮ್ಮ ಕಪ್ ತಗೊಳ್ತಾರೆ — ಅವರವರೇ ಮಾಡಿದ್ದು. ಮಾಡದವರು ಗೆಸ್ಟ್. ಗೆಸ್ಟ್‌ಗೆ ಲೋಟ. ಗ್ಯಾಲರಿ ತುಂಬ ಪಿಂಗಾಣಿ, ನನ್ನ ಕೈಲಿ ಹಾಸ್ಟೆಲ್ ಮೆಸ್ ಲೋಟ!
ಕಾಲೇಜಲ್ಲಿ ಇನ್ನೂ ಯಾರ ಜೊತೆಗೂ ಸರಿಯಾಗಿ ಮಾತಿಲ್ಲ. ಇಲ್ಲಾದರೂ ಗೆಸ್ಟ್ ಆಗಿ ಉಳಿಯಬಾರದು. ಒಂದೇ ಒಂದು ಕಪ್. ಪ್ಲೀಸ್.

ಆಗಸ್ಟ್ 16
ಮಾಡಿದೆ. ಅಕ್ಕ ತಂತಿ ಹಿಡಿದು ಕೇಕ್ ಥರ ನಡುವೆ ಸೀಳಿಬಿಟ್ಟರು. ಸ್ಟುಡಿಯೋ ನಡೆಸುವ ಆರ್ಟಿಸ್ಟ್‌ಗಳಲ್ಲಿ ಅವರೇ ಹಿರಿಯರು, ಏನನ್ನಲಿ?
"ಒಳಗೆ ನೋಡು. ಮೇಲೆ ಹಾಳೆ ಥರ ತೆಳು, ಕೆಳಗೆ ಇಟ್ಟಿಗೆ ಥರ ದಪ್ಪ. ಮೊದಲನೇದು ಎಲ್ಲರದೂ ಸೀಳ್ತೀವಮ್ಮಾ."
"ನಿಮ್ಮದೂ?"
"ನಂದು ಸೀಳೋ ಮುಂಚೇನೇ ಕುಸಿದು ಕೂತ್ಕೊಂಡಿತ್ತು."
ಮಣ್ಣಿನ ಪಾತ್ರೆ ಸುಡೋ ಕಿಲ್ನ್ ಉರಿಸುವ ಅಂಕಲ್ ನಕ್ಕು ನಕ್ಕು ಕೆಮ್ಮಿದರು. ಮಣ್ಣು ವಾಪಸ್ ಬಕೆಟ್‌ಗೆ. ನಾನು ವಾಪಸ್ ಚಕ್ರಕ್ಕೆ.

ಆಗಸ್ಟ್ 30
ಸೀಳಲಿಲ್ಲ!! ಅಕ್ಕ ಎತ್ತಿ ನೋಡಿ "ಹೂಂ" ಅಂದರು. ಅಮ್ಮನಿಗೆ ಫೋನ್ ಮಾಡಿ ಆ ಹೂಂ ಹೇಳಿದೆ. "ಸರಿ, ಊಟ ಆಯ್ತಾ?"
ಕಿಲ್ನ್‌ನಲ್ಲಿ ಒಡೆದರೆ? ಪಕ್ಕದಲ್ಲಿರೋ ಅಕ್ಕನ ಹೂಜಿಗೂ ಚೂರು ಹೊಡೆದರೆ? ಸ್ಟುಡಿಯೋಗೇ ಬೆಂಕಿ... ಹುಚ್ಚಿ. ಓದ್ಕೋ. ಸೋಮವಾರ ಟೆಸ್ಟ್.

ಸೆಪ್ಟೆಂಬರ್ 13
ಟೆಸ್ಟ್ ಗಲಾಟೆಯಲ್ಲಿ ಹೋಗಲಾಗಿರಲಿಲ್ಲ. ಹೊಳಪಿನ ಬಣ್ಣ, ಗ್ಲೇಜ್, ಅಕ್ಕನೇ ಹಚ್ಚಿ ಸುಡಿಸಿದ್ದರು. ಇವತ್ತು ಕಿಲ್ನ್ ತೆಗೆದರು. ಒಡೆದಿಲ್ಲ. ಆದರೆ... ಕುಗ್ಗಿದೆ. ಬಿಸಿನೀರಲ್ಲಿ ಒಗೆದ ಸ್ವೆಟರ್ ಥರ. ಸುಟ್ಟರೆ ಮಣ್ಣು ಕುಗ್ಗುತ್ತೆ, ದೊಡ್ಡದಾಗಿ ಮಾಡು ಅಂದಿದ್ದರು ಅಕ್ಕ. ಕ್ಲಾಸಲ್ಲಿ ಆಡಿಸೋ ಹಾಗೆ ತಲೆ ಆಡಿಸಿದ್ದೆ.
ಅಂಕಲ್: "ಇದರಲ್ಲಿ ಟೀನಾ, ಕಣ್ಣಿನ ಡ್ರಾಪ್ಸಾ?"
ಆದರೆ ಬಣ್ಣ! ಶಾಯಿ ಒರೆಸಿದ ಬಟ್ಟೆಯ ನೀಲಿ. ಬೆಳಕಲ್ಲಿ ನೋಡೋಣ ಅಂತ ಗ್ಯಾಲರಿ ಕಿಟಕಿಯಲ್ಲಿಟ್ಟು ಕೈ ತೊಳೆಯೋಕೆ ಹೋದೆ. ಬರೋಷ್ಟರಲ್ಲಿ ಕೆಂಪು ಕನ್ನಡಕದ ಆಂಟಿಯೊಬ್ಬರು ಅದನ್ನು ಹಿಡಿದು ಕೌಂಟರ್ ಮುಂದೆ!
"ಇದೆಷ್ಟು? ಒಂದೇ ಹೂ ಇಡೋಕೆ ಹೇಳಿ ಮಾಡಿಸಿದ ಹಾಗಿದೆ."
"ಮಾಡಿದವರು ಅಲ್ಲಿದ್ದಾರೆ, ಕೇಳಿ" ಅಂದರು ಅಕ್ಕ. ಬಹುವಚನ! ನನಗೆ!
ಸ್ಕೂಲ್ ಹಾಸ್ಟೆಲ್‌ನಲ್ಲಿ ನನ್ನ ಸೋಪು, ಬಕೆಟ್ಟು, ಯಾರು ಏನೆತ್ತಿಕೊಂಡರೂ ಸುಮ್ಮನಿದ್ದವಳು. "ತಗೊಳ್ಳಿ ಆಂಟಿ" ನಾಲಿಗೆ ತುದಿಗೆ ಬಂದಿತ್ತು. ಹೊರಗೆ ಬಂದಿದ್ದು —
"ಮಾರೋಕಲ್ಲ. ಅದರಲ್ಲಿ ನಾನು ಟೀ ಕುಡೀಬೇಕು."
ಜೋರಾಗಿ. ಸಿಕ್ಕಾಪಟ್ಟೆ ಜೋರಾಗಿ.
"ಇದರಲ್ಲಾ?"
"ಇದರಲ್ಲೇ."
ಆಂಟಿ ನಕ್ಕು, ಎರಡೂ ಕೈಲಿ ವಾಪಸ್ ಕೊಟ್ಟರು. ಅಂಕಲ್ ಕೆಟಲ್ ತಂದರು. ಮೂರು ಗುಟುಕು. ಖಾಲಿ. ಮತ್ತೆ ಚಾಚಿದೆ. ಖಾಲಿ. ಮತ್ತೆ.
ಅಂಕಲ್: "ಇವಳಿಗೆ ಟೀ ಬಗ್ಗಿಸೋಕೇ ಒಬ್ಬರನ್ನ ಸಂಬಳಕ್ಕೆ ಇಡಬೇಕು!"
ಎಲ್ಲರೂ ಹೋ ಅಂತ ನಕ್ಕರು. ನಾನೂ.

ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ
ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಬರೀತಿದೀನಿ. ಬೀದಿ ತುದಿಯಲ್ಲಿ ಮಣ್ಣಿನ ಮೂಟೆಗಳ ವ್ಯಾನ್ ಬಂದಿದೆ. ಅಂಕಲ್ ಅಲ್ಲಿಂದಲೇ ಕಿರುಚುತ್ತಿದ್ದಾರೆ, ಇಡೀ ಬೀದಿ ಕೇಳೋ ಹಾಗೆ:
"ಏಯ್ ಮೂರು ಗುಟುಕು! ಏನು ಕೂತ್ಕೊಂಡು ಕತೆ ಬರೀತೀಯ, ಬಾರೇ ಇಳಿಸೋಕೆ!"
ನನ್ನನ್ನೇ! ಬಂದೆ ಅಂಕ—