ಕೇಳಿಸಿಕೊಳ್ಳದ ಗೊಂಬೆ

ಆಸ್ಪತ್ರೆಯ ಅಧೀಕ್ಷಕರೇ,

ಮಾನ್ಯರೇ ಎಂದು ಬರೆಯಲು ಮನಸ್ಸು ಬರಲಿಲ್ಲ, ಕ್ಷಮಿಸಿ. ಕೈಸನ್ನೆಯ ಭಾಷೆ ಬಲ್ಲ ದುಭಾಷಿಯೊಬ್ಬರನ್ನು ಕೆಲಸದಿಂದ ತೆಗೆದು, ಆ ಜಾಗದಲ್ಲಿ ನೀವು ನಿಲ್ಲಿಸಿದ ಕಂಪ್ಯೂಟರ್ ಪರದೆ ನನ್ನ ತಂಗಿಯ ಜೀವ ತೆಗೆಯುವುದರಲ್ಲಿತ್ತು.

ಆ ಪರದೆಯ ಉದ್ಘಾಟನೆಯಲ್ಲಿ ತಾವು 'ಇನ್ನು ಕಿವುಡರಿಗೂ ನಮಗೂ ನಡುವೆ ಗೋಡೆಯಿಲ್ಲ' ಎಂದು ಭಾಷಣ ಬಿಗಿದಿರಿ. ವೈದ್ಯರು ಮಾತಾಡಿದ್ದನ್ನು ಪರದೆಯ ಗೊಂಬೆ ಸನ್ನೆಗೆ ತಿರುಗಿಸುತ್ತದೆ, ಅದ್ಭುತವೇ ಸರಿ. ಆದರೆ ಕಿವುಡರು ತಿರುಗಿ ಏನಾದರೂ ಹೇಳಿದರೆ ಕೇಳುವವರು ಯಾರು? ಅವರಿಗೂ ಹೇಳುವುದಿರಬಹುದು ಎಂಬ ಅನುಮಾನ ನಿಮ್ಮ ಘನ ಸಮಿತಿಯಲ್ಲಿ ಒಬ್ಬರಿಗೂ ಬರಲಿಲ್ಲವೇ?

ನನ್ನ ತಂಗಿ ಹುಟ್ಟು ಕಿವುಡಿ. ಹೋದ ತಿಂಗಳು ಹೊಟ್ಟೆನೋವು ತಾಳಲಾರದೆ ಮುದುಡಿಕೊಂಡವಳನ್ನು ನಿಮ್ಮ ತುರ್ತು ಚಿಕಿತ್ಸೆಯ ಕೊಠಡಿಗೆ ಕರೆತಂದೆ.

"ಸಿಸ್ಟರ್, ನಾನೂ ಒಳಗಿರ್ತೀನಿ. ಅವಳಿಗೆ ಕಿವಿ ಕೇಳಲ್ಲ."

"ಅದಕ್ಕೇ ಮಷೀನ್ ಇದೆಯಲ್ಲಮ್ಮ. ನೀವು ಹೊರಗೆ ಕೂತ್ಕೊಳ್ಳಿ."

ಮುಂದೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಬಾಗಿಲಿನ ಗಾಜಿನಲ್ಲಿ ಕಣ್ಣಿಟ್ಟು ನಿಂತೆ. ವೈದ್ಯರು ಇಂಜೆಕ್ಷನ್ನಿನ ಹೆಸರು ಹೇಳಿದರು, ಗೊಂಬೆ ಬೆರಳಾಡಿಸಿತು. ತಂಗಿ ಗಾಬರಿಯಾಗಿ ಸನ್ನೆ ಮಾಡತೊಡಗಿದಳು: 'ಅದು ಬೇಡ, ನನಗೆ ಆಗಿಬರಲ್ಲ, ಹಿಂದೆ ಗಂಟಲು ಊದಿತ್ತು.' ನಾನು ಬಾಗಿಲು ಬಡಿದೆ. ಕಾವಲಿನವನು ಬಂದು ನನ್ನನ್ನೇ ಎಳೆದ, ನಾನು ಗಾಜು ಬಿಟ್ಟು ಕದಲಲಿಲ್ಲ. "ಪಾಪ, ಹೆದರಿದ್ದಾರೆ, ಸ್ವಲ್ಪ ಕೈ ಹಿಡ್ಕೊಳ್ಳಿ" ಎಂದರಂತೆ ವೈದ್ಯರು. ಇಬ್ಬರು ನರ್ಸುಗಳು ಸೇರಿ ಅವಳ ಮಣಿಕಟ್ಟು ಅದುಮಿದರು. ಗೊಂಬೆ ನಗುನಗುತ್ತಾ 'ಹೆದರಬೇಡಿ' ಎನ್ನುತ್ತಲೇ ಇತ್ತು. ನಿಮಗೆ ಅದು ಕೈ ಹಿಡಿಯುವುದು. ಅವಳಿಗೆ ಬಾಯಿಗೆ ಬಟ್ಟೆ ತುರುಕಿದಂತೆ.

ಸೂಜಿ ಚುಚ್ಚಿದರು. ನೋಡುನೋಡುತ್ತಲೇ ಅವಳ ತುಟಿ ನೀಲಿಗಟ್ಟಿತು. ಗಂಟಲಿಗೆ ಕೊಳವೆ ಇಳಿಸಿ ಅದೇ ವೈದ್ಯರು ಉಳಿಸಿಕೊಂಡರು, ಅಷ್ಟಕ್ಕೆ ಋಣಿ. ಎಚ್ಚರವಾದಾಗ ತಂಗಿ ಮೊದಲು ಕೇಳಿದ್ದು, 'ನಾನು ಹೇಳಿದ್ದು ಅವರಿಗೆ ಕಾಣಿಸಲಿಲ್ವಾ ಅಕ್ಕಾ?'

ದೂರು ಕೊಟ್ಟರೆ, 'ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆ' ಎಂದು ತಮ್ಮ ಅಪ್ಪಣೆಯಾಯಿತು. ಒಪ್ಪಿದೆ. ಹೇಳಿ ಮುಗಿಸುವುದಷ್ಟೇ ಅದರ ಕೆಲಸ. ತಮ್ಮ ಕೆಲಸವೂ ಅಷ್ಟೇ ಎಂದುಕೊಂಡಿದ್ದೀರಾ?

ಆ ದುಭಾಷಿಯನ್ನು ವಾಪಸು ಕರೆಸಿ. ಅದಕ್ಕೂ ಮುಂಚೆ ನಮ್ಮ ಮನೆಗೆ ಬಂದು ತಂಗಿಯ ಎದುರು ಕುಳಿತುಕೊಳ್ಳಿ. ಅವಳಿಗೆ ತಮ್ಮನ್ನು ಬೈಯುವುದು ಬಹಳ ಇದೆ. ಒಂದಕ್ಷರ ಬಿಡದೆ ನಾನು ಅನುವಾದಿಸುತ್ತೇನೆ.

ಇಂತಿ,
ನೀವು ಹೊರಗೆ ಕೂರಿಸಿದ ಅಕ್ಕ